ಎಡಗಡೆಯವರ ಉಪ್ಪು

ಅವರ್ಸಾ,
ಗುರುವಾರ, 4 ಸೆಪ್ಟೆಂಬರ್ 2025

ಶ್ರೀ ಕಿಶನ ಅವರಿಗೆ,

ಲತಾಳ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯುವುದು ರೂಢಿ. ಆ ಸಾಲನ್ನು ಬಿಟ್ಟಿದ್ದೇನೆ.

ಚೌತಿಯ ಮಾರನೆ ದಿನ ನನ್ನ ಫೋನಿಗೆ ನಿಮ್ಮ ಮೆಸೇಜು ಬಂತು. "ಬರೂಕೆ ಆಗ್ಲಿಲ್ಲ. ಊಟ ಹ್ಯಾಂಗಾಯ್ತು?" ನಾಲ್ಕು ಶಬ್ದ. ನಾಲ್ಕು ಶಬ್ದದಲ್ಲಿ ಉತ್ತರ ಕೊಡಲು ನನಗೆ ಬರಲಿಲ್ಲ. ಒಂದು ವಾರ ಬಿಟ್ಟು ಈ ಕಾಗದ ಬರೆಯುತ್ತಿದ್ದೇನೆ. ರತ್ನಾಗಿರಿಯ ವಿಳಾಸ ನಿಮ್ಮ ತಮ್ಮ ಮಂಗೇಶನ ಹತ್ತಿರ ಇತ್ತು.

ಮೊದಲು ವಿಷಯ. ಮಾವ ಡಯಾಲಿಸಿಸ್‌ಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಚೌತಿ ಕಳೆದ ಶುಕ್ರವಾರ ಹೋಗಲಿಲ್ಲ. ಮೊನ್ನೆ ಮಂಗಳವಾರವೂ ಹೋಗಲಿಲ್ಲ. ಇದು ಹೇಗಾಯಿತೆಂದು ಮುಂದೆ ಎಂದಾದರೂ ನಿಮ್ಮ ತಂಗಿ ಕವಿತಾ ಒಂದು ರೀತಿ ಹೇಳಬಹುದು, ಅತ್ತೆ ಇನ್ನೊಂದು ರೀತಿ. ನಾನು ಕಂಡದ್ದನ್ನು ಕಂಡಹಾಗೆ ಬರೆಯುತ್ತೇನೆ. ಅಂಗನವಾಡಿಯಲ್ಲಿ ದಿನವೂ ಮಕ್ಕಳ ತೂಕ ಬರೆದುಕೊಳ್ಳುವವಳು ನಾನು. ಹೆಚ್ಚು ಕಡಿಮೆ ಬರೆದರೆ ಕೈಗೆ ಕಸಿವಿಸಿಯಾಗುತ್ತದೆ.

ಇದು ಶುರುವಾದದ್ದು ಜುಲೈ ಕೊನೆಯಲ್ಲಿ. ಕಾರವಾರದ ಆಸ್ಪತ್ರೆಯಿಂದ ಬೀರಾನ ರಿಕ್ಷಾದಲ್ಲಿ ಹಿಂತಿರುಗುತ್ತಿದ್ದೆವು. ಡಯಾಲಿಸಿಸ್ ಆದ ದಿನ ಮಾವ ದಾರಿಯುದ್ದಕ್ಕೂ ಕಣ್ಣು ಮುಚ್ಚಿರುತ್ತಾರೆ. ಅಂದು ಅರ್ಗಾ ದಾಟಿದ ಮೇಲೆ ಕಣ್ಣು ಬಿಟ್ಟು, ಮಳೆಗೆ ಕಟ್ಟಿದ ಟಾರ್ಪಲ್ಲಿನ ಸಂದಿಯಿಂದ ಹೊರಗೆ ನೋಡುತ್ತ ಹೇಳಿದರು: "ಚೌತಿವರಿಗೆ ಬತ್ತೆ. ಚೌತಿ ಊಟ ಆದ್ಮೇಲೆ ನನ್ನ ಬಿಟ್ಬಿಡಿ. ಆ ಮಶೀನಿಗೆ ನಾ ಸಾಕಾದೆ, ನಂಗೆ ಅದು ಸಾಕಾಯ್ತು." ಬೀರಾ ರಿಕ್ಷಾವನ್ನು ಬದಿಗೆ ನಿಲ್ಲಿಸಿಯೇಬಿಟ್ಟ. "ನಾಗಣ್ಣಾ, ಹಾಂಗೆಲ್ಲ ಹೇಳ್ಬೇಡ ಮಾರಾಯಾ, ನಂದು ವಾರಕ್ಕೆರಡು ಬಾಡ್ಗಿ ತಪ್ತದೆ" ಎಂದ. ಮಾವ ನಕ್ಕರು. ನಾನೂ ನಕ್ಕೆ. ಮನೆ ಮುಟ್ಟುವವರೆಗೆ ಅದು ತಮಾಷೆಯೇ ಆಗಿತ್ತು.

ಮನೆಯಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. ಅತ್ತೆ ಅತ್ತರು. ಮಂಗೇಶ ಸಿಟ್ಟು ಮಾಡಿದ. ನಿಮ್ಮಪ್ಪನ ಹಟ ನಿಮಗೆ ಗೊತ್ತು. ಕೊನೆಗೆ ಕವಿತಾ ಮಂಚದ ಕಾಲಬುಡದಲ್ಲಿ ಕೂತು ಕೇಳಿದಳು: "ಅಪ್ಪಾ, ಕಿಶನಣ್ಣ ಬಂದ್ರೆ?" ಮಾವ ತಮ್ಮ ಪಾದವನ್ನು ನೋಡಿಕೊಂಡರು. ಊದಿಕೊಂಡಿತ್ತು. ಆಮೇಲೆ, "ಬಂದ್ರೆ ಮುಂದಿಂದು ಮುಂದೆ" ಎಂದರು.

ಇದು ಹೌದು ಎಂಬ ಮಾತಲ್ಲ. ಆದರೆ ಆ ರಾತ್ರಿಯ ಊಟದ ಹೊತ್ತಿಗೆ ಮನೆಯವರೆಲ್ಲ ಅದನ್ನು ಹೌದು ಮಾಡಿಕೊಂಡಿದ್ದರು. ಕಿಶನ ಚೌತಿಗೆ ಬಂದು ಅಪ್ಪನ ಎಡಕ್ಕೆ ಕೂತರೆ ಅಪ್ಪ ಮತ್ತೆ ಡಯಾಲಿಸಿಸ್‌ಗೆ ಹೋಗುತ್ತಾರೆ. ಬರದಿದ್ದರೆ ಇಲ್ಲ. ಆಗಸ್ಟ್ ಹತ್ತರ ಭಾನುವಾರ ಅತ್ತೆ ನಿಮಗೆ ಫೋನು ಮಾಡಿದ್ದು ಇದಕ್ಕೆ. ನೀವು "ಚೌತಿಗೆ ಬತ್ತೆ" ಎಂದಿರಿ. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿತು. ನಾನು ನಿಮ್ಮ ಧ್ವನಿ ಕೇಳಿ ನಾಲ್ಕು ವರ್ಷವಾಗಿತ್ತು. ಅದು ಸ್ವಲ್ಪ ದಪ್ಪವಾಗಿದೆ. ಮಾವ ಗೋಡೆಯ ಕಡೆ ತಿರುಗಿ ಮಲಗಿದ್ದವರು ಹಾಗೆಯೇ ಇದ್ದರು. ಆದರೆ ಮುಂದಿನ ಮಂಗಳವಾರ ಬೀರಾನ ಹಾರ್ನ್ ಕೇಳುವ ಮೊದಲೇ ಎದ್ದು ಅಂಗಿ ಹಾಕಿಕೊಂಡು ಕೂತಿದ್ದರು.

ಇನ್ನು ನಿಮಗೆ ಗೊತ್ತಿರುವುದನ್ನೇ ಬರೆಯಬೇಕಾಗಿದೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ, ಮತ್ತು ಒಂಬತ್ತು ವರ್ಷ ಬೇರೆ ಊರಿನ ಊಟ ಮಾಡಿದವರಿಗೆ ಮರೆತಿರಲೂಬಹುದು. ಹಬ್ಬದ ಹಿಂದಿನ ದಿನ ಆಸ್ಪತ್ರೆಯಲ್ಲಿ ನಮಿತಾ ಎಂಬ ನರ್ಸ್ ನನ್ನನ್ನು ಕರೆದು, ಅಜ್ಜನಿಗೆ ನಾಳೆ ಉಪ್ಪಿನಕಾಯಿ ಹಪ್ಪಳ ಎಲ್ಲ ಕೊಟ್ಟುಬಿಟ್ಟೀರಿ, ಜೋಕೆ ಎಂದಳು. ನಮ್ಮ ಮನೆಯಲ್ಲಿ ಚೌತಿಯ ಅಡುಗೆಗೆ ಉಪ್ಪೇ ಹಾಕುವುದಿಲ್ಲ ಎಂದೆ. ಅವಳು ನಂಬಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮಾವನ ಅಜ್ಜಿ ಕಾಮಿ ಐದು ಗಂಡಸರಿಗೆ ಬಡಿಸುತ್ತಿದ್ದವಳು. ಗಂಡ ಉಪ್ಪು ಕಡಿಮೆ ಅಂದರೆ ಒಬ್ಬ ಮೈದುನ ಹೆಚ್ಚು ಅನ್ನುವನು, ಇನ್ನೊಬ್ಬ ತಟ್ಟೆ ದೂಡುವನು. ಒಂದು ಚೌತಿಗೆ ಅವಳು ತೊವ್ವೆ, ತರಕಾರಿಯೆಲ್ಲ ಸೇರಿದ ಖತಖತೆ, ಹಾಗಲಕಾಯಿ ಪಲ್ಯ, ಹೆಸರುಕಾಳಿನ ಉಸಲಿ, ಕೊನೆಗೆ ಚಕ್ಕುಲಿಯನ್ನೂ ಉಪ್ಪಿಲ್ಲದೆ ಮಾಡಿ, ಸಾಣಿಕಟ್ಟೆಯ ಹರಳುಪ್ಪು ತುಂಬಿದ ಮರದ ಮರಗಿಯನ್ನು ಎಲ್ಲರ ನಡುವೆ ಕುಕ್ಕಿದಳಂತೆ. "ನಿಮ್ ನಾಲ್ಗೆ ನಂಗೆ ತಿಳಿಯೂದಿಲ್ಲ. ಬಗ್ಲಲ್ಲಿ ಕೂತವಂದು ನಿಮ್ಗಾರೂ ತಿಳಿತದಾ ನೋಡ್ವಾ" ಎಂದಳಂತೆ. ಅಂದಿನಿಂದ ಚೌತಿಯ ಊಟಕ್ಕೆ ಈ ಮನೆಯವರು ಸುತ್ತಾಗಿ ಕೂರುತ್ತಾರೆ. ಮರಗಿ ಹಿರಿಯನಿಂದ ಹೊರಟು ಬಲಕ್ಕೆ ಸಾಗುತ್ತದೆ. ಒಬ್ಬೊಬ್ಬರೂ ತಮ್ಮ ಬಲಗಡೆ ಕೂತವರ ಎಲೆಗೆ ಉಪ್ಪು ಹಾಕಬೇಕು. ತಾನೇ ತೆಗೆದುಕೊಳ್ಳುವ ಹಾಗಿಲ್ಲ, ಕೇಳುವ ಹಾಗಿಲ್ಲ, ಹೆಚ್ಚಾಯಿತು ಕಡಿಮೆಯಾಯಿತು ಎನ್ನುವ ಹಾಗಿಲ್ಲ. ಮರಗಿ ಬರುವುದು ಒಂದೇ ಸುತ್ತು. ಎಡಗಡೆಯವರು ಕೊಟ್ಟಷ್ಟು ಉಪ್ಪು, ಅಷ್ಟರಲ್ಲಿ ಊಟ.

ನಮಿತಾ ನಗುತ್ತ, ಇದು ಡಯಾಲಿಸಿಸ್ ಪೇಶೆಂಟಿಗೆ ಹೇಳಿ ಮಾಡಿಸಿದ ಹಬ್ಬ ಎಂದಳು. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಮಾವ, "ಕಾಮಜ್ಜಿಗೆ ಮೊದ್ಲೇ ಗೊತ್ತಿತ್ತು" ಎಂದರು. ಅವರು ಅಂದು ಬಹಳ ಹಗುರಾಗಿದ್ದರು.

ಊರವರು ಈ ಪದ್ಧತಿಗೆ ನಗುತ್ತಾರೆ. ನಾಗುವಿನ ಮನೆ ಚಕ್ಕುಲಿ ತಿಂದರೆ ನಾಲಿಗೆಗೆ ನಿದ್ದೆ ಬರುತ್ತದೆ ಎನ್ನುತ್ತಾರೆ. ನಾನು ಶಿರವಾಡದಿಂದ ಮದುವೆಯಾಗಿ ಬಂದ ಹೊಸತರಲ್ಲಿ ನನಗೂ ನಗು ಬಂದಿತ್ತು. ಆಮೇಲೆ ಭಯವಾಯಿತು. ಯಾಕೆಂದರೆ ನನ್ನ ಬಲಕ್ಕೆ ಕೂರುವವರು ನೀವು, ಮತ್ತು ನಿಮಗೆ ಎಷ್ಟು ಉಪ್ಪು ಬೇಕೆಂದು ನನಗೆ ತಿಳಿದಿರಲಿಲ್ಲ. ಹಬ್ಬಕ್ಕೆ ಹದಿನೈದು ದಿನ ಮುಂಚಿನಿಂದ ನೀವು ಉಣ್ಣುವುದನ್ನೇ ನೋಡುತ್ತಿದ್ದೆ. ಗಂಜಿಗೆ ಎಷ್ಟು ಹಾಕಿಕೊಳ್ಳುತ್ತೀರಿ, ಒಣಮೀನಿನ ಚಟ್ನಿ ಇದ್ದ ದಿನ ಎಷ್ಟು ಬಿಡುತ್ತೀರಿ. ಹಬ್ಬದ ಊಟ ಮುಗಿದು ಕೈ ತೊಳೆಯಲು ಬಾವಿಯ ಹತ್ತಿರ ಬಂದಾಗ ನೀವು ಯಾರಿಗೂ ಕೇಳದ ಹಾಗೆ "ಸಮಾ ಆಯ್ತು" ಎಂದಿರಿ. ಈ ಮನೆಯಲ್ಲಿ ನನಗೆ ಯಾರಾದರೂ ಹೇಳಿದ ಒಳ್ಳೆಯ ಮಾತುಗಳಲ್ಲಿ ಅದೊಂದು. ಬಹಳ ಇಲ್ಲ, ಹಾಗಾಗಿ ನೆನಪಿದೆ.

2016ರ ಚೌತಿಯ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿಲ್ಲ. ಆ ದಿನ ಬೆಳಿಗ್ಗೆ ಪೂಜೆಗೆ ಮುಂಚೆ ಮಾವ, ಮುಂದಿನ ಸೀಸನ್ನಿನಿಂದ ದೋಣಿಗೆ ತಂಡೇಲ ಮಂಗೇಶ ಎಂದು ಹೇಳಿದರು. ಹಿರಿಮಗನಿದ್ದೂ ಕಿರಿಯವನ ಕೈಗೆ ಚುಕ್ಕಾಣಿ. ಯಾಕೆಂದು ಅತ್ತೆ ಕೇಳಿದ್ದಕ್ಕೆ, "ಕಿಶನಗೆ ಸಿಟ್ಟು ಜಾಸ್ತಿ. ಸಮುದ್ರಕ್ಕೆ ಸಿಟ್ಟಿನವ ಆಗೂದಿಲ್ಲ" ಎಂದರು. ಮಧ್ಯಾಹ್ನ ಮರಗಿ ಸುತ್ತು ಬಂತು. ನಾನು ನಿಮ್ಮ ಎಲೆಗೆ ಹಾಕಿ ಮರಗಿಯನ್ನು ನಿಮ್ಮ ಕೈಗೆ ಕೊಟ್ಟೆ. ನಿಮ್ಮ ಬಲಕ್ಕೆ ಮಾವ. ನೀವು ಮರಗಿಯನ್ನು ಹಿಡಿದುಕೊಂಡಿರಿ. ಆಮೇಲೆ ಅದನ್ನು ಬೆನ್ನ ಹಿಂದೆ ನೆಲಕ್ಕಿಟ್ಟು ಅನ್ನ ಕಲಸತೊಡಗಿದಿರಿ.

ಮಾವ ಕೇಳುವ ಹಾಗಿರಲಿಲ್ಲ. ನಾವು ಕೊಡುವ ಹಾಗಿರಲಿಲ್ಲ. ತೊವ್ವೆಯಿಂದ ಖತಖತೆಯವರೆಗೆ ಎಲ್ಲವನ್ನೂ ಅವರು ಸಪ್ಪೆಯಾಗಿ ಉಂಡರು, ಪ್ರತಿಯೊಂದನ್ನೂ ಎರಡನೆ ಸಲ ಹಾಕಿಸಿಕೊಂಡು ಉಂಡರು. ಮಂಗೇಶ ತಲೆಯೆತ್ತಲಿಲ್ಲ. ಮಾರನೆ ದಿನ ಬೆಳಿಗ್ಗೆ ನಿಮ್ಮ ಚೀಲ ಇರಲಿಲ್ಲ.

ನೀವು ತಪ್ಪು, ಮಾವ ಸರಿ ಎಂದು ನಾನು ಹೇಳುತ್ತಿಲ್ಲ. ಮಂಗೇಶ ಒಳ್ಳೆಯ ತಂಡೇಲನಾಗಿದ್ದಾನೆ, ಆದರೆ ನೀವೂ ಆಗುತ್ತಿದ್ದಿರೇನೋ. ಅದನ್ನು ಈಗ ಅಳೆಯಲು ಬರುವುದಿಲ್ಲ. ನನಗೆ ಗೊತ್ತಿರುವುದು ಆಮೇಲಿನದು. ಮುಂದಿನ ಚೌತಿಗೆ ಮಂಗೇಶ ನಿಮ್ಮ ಜಾಗಕ್ಕೆ ಬಂದು ಕೂರಲು ಹೋದ. ಮಾವ ಎಲೆಯ ಮೇಲಿಂದ ಕೈಯೆತ್ತದೆ, "ಅದು ಅವಂದು" ಎಂದರು. ಅಂದಿನಿಂದ ಆ ಜಾಗ ಖಾಲಿ. ಮರಗಿ ಮಾವನಿಂದ ಹೊರಟು ಅತ್ತೆಗೆ, ಅತ್ತೆಯಿಂದ ಮಂಗೇಶನಿಗೆ, ಅವನಿಂದ ಅವನ ಹೆಂಡತಿಗೆ, ಅವಳಿಂದ ಕವಿತಾಳಿಗೆ, ಕವಿತಾಳಿಂದ ನನಗೆ ಬಂದು ನಿಲ್ಲುತ್ತಿತ್ತು. ನನ್ನ ಬಲಕ್ಕೆ ಯಾರೂ ಇಲ್ಲ. ಒಂದು ಮೊಳ ಆಚೆ ಮಾವ, ಉಪ್ಪಿಲ್ಲದ ಎಲೆಯ ಮುಂದೆ. ಊಟ ಮುಗಿಯುವವರೆಗೆ ಮರಗಿ ನನ್ನ ತೊಡೆಯ ಪಕ್ಕದಲ್ಲಿ ಇರುತ್ತಿತ್ತು. ಹೀಗೆ ಎಂಟು ಚೌತಿ.

ಮೂತ್ರಪಿಂಡ ಎರಡೂ ಹೋದವು ಎಂದು ತಿಳಿದದ್ದು ಎರಡು ವರ್ಷದ ಹಿಂದೆ. ಅಷ್ಟರಲ್ಲಿ ನೀವು ಅತ್ತೆಗೆ ಫೋನು ಮಾಡುವುದು ವರ್ಷಕ್ಕೆ ಎರಡು ಸಲಕ್ಕೆ ಬಂದಿತ್ತು, ಹಾಗಾಗಿ ಎಲ್ಲ ಗೊತ್ತಿರಲಿಕ್ಕಿಲ್ಲ. ಉಪ್ಪು ಬೇಡ, ಒಣಮೀನು ಬೇಡ, ಎಳನೀರು ಬೇಡ, ಬಾಳೆಹಣ್ಣು ಬೇಡ. ದಿನಕ್ಕೆ ಒಂದು ಲೀಟರ್ ನೀರು, ಅದರಲ್ಲೇ ಚಹವೂ ಗಂಜಿಯ ತಿಳಿಯೂ ಸೇರಬೇಕು. ಹುಟ್ಟಿದಂದಿನಿಂದ ಉಪ್ಪುನೀರಿನಲ್ಲಿ ಬೆಂದ ಮನುಷ್ಯ. ಅವರ ಸಾರನ್ನು ನಾನು ಬೇರೆ ಪಾತ್ರೆಯಲ್ಲಿ ಮಾಡುತ್ತೇನೆ. ಮೊದಲ ವಾರ ಅವರು ತಟ್ಟೆ ನೋಡಿ, "ದಿನಾ ಚೌತಿ ಆಯ್ತನೆ ನಂಗೆ" ಎಂದರು. ಅಷ್ಟೇ. ಮತ್ತೆ ಒಂದು ದಿನವೂ ಉಪ್ಪು ಕೇಳಲಿಲ್ಲ. ಅವರ ವಾರ್ಡಿನಲ್ಲಿ ಇದ್ದವರೆಲ್ಲ ಕದ್ದು ತಿನ್ನುತ್ತಾರೆ, ಹೆಂಡತಿಯರ ಹತ್ತಿರ ಜಗಳ ಕಾಯುತ್ತಾರೆ. ಮಾವ ಮಾತ್ರ ತೂಕದ ಯಂತ್ರದ ಮೇಲೆ ನಿಂತರೆ ಹೋದ ಸಲಕ್ಕಿಂತ ಎರಡು ಕಿಲೋ ಮೀರುತ್ತಿರಲಿಲ್ಲ. ಡಾಕ್ಟರು ಅವರನ್ನು ಉಳಿದವರಿಗೆ ತೋರಿಸಿ ಹೊಗಳುತ್ತಿದ್ದರು.

ಈಗ ಹಬ್ಬದ ದಿನ.

ಮಾವನಿಗೆ ನೆಲದ ಮೇಲೆ ಕೂರಲು ಮಂಡಿ ಬಗ್ಗುವುದಿಲ್ಲ. ಹಾಗಾಗಿ ಮಂಗೇಶ ಅಂಕೋಲೆಯಿಂದ ಒಂದು ದೊಡ್ಡ ಮೇಜು ತಂದ. ಏಳು ಕುರ್ಚಿ. ಮೇಜು ಚೌಕ, ನಮ್ಮದು ಸುತ್ತು. ಮೂಲೆಯಲ್ಲಿ ಕೂತವರಿಗೆ ಬಲಗಡೆಯವರು ಯಾರು ಎಂಬುದರ ಮೇಲೆ ಬೆಳಿಗ್ಗೆ ದೊಡ್ಡ ಚರ್ಚೆಯಾಯಿತು. ಅರ್ಗಾದ ತನ್ನ ಮನೆಯ ಪೂಜೆ ಮುಗಿಸಿ ಬಂದ ಕವಿತಾ, "ಕಾಮಜ್ಜಿ ಇದ್ದಿದ್ರೆ ಮೇಜನ್ನೇ ಒಲೆಗೆ ಹಾಕ್ತಿತ್ತು" ಎಂದಳು. ಅತ್ತೆ ಕೂಡ ನಕ್ಕರು. ಆ ಬೆಳಿಗ್ಗೆ ಎಲ್ಲರೂ ಸ್ವಲ್ಪ ಹೆಚ್ಚೇ ನಗುತ್ತಿದ್ದೆವು. ಏಳನೆ ಕುರ್ಚಿಯ ಮುಂದೆ ಎಲೆ ಹಾಕಿದ್ದೆ. ನಾನೇ ಹಾಕಿದ್ದು. ಹೆಚ್ಚು ಹರಿಯದ, ಅಗಲವಾದ ಎಲೆ ಆರಿಸಿ ಹಾಕಿದ್ದೆ. ಅರಿಶಿನ ಎಲೆಯ ಕಡುಬು ನಿಮಗೆ ಬಿಸಿಯೇ ಬೇಕೆಂದು ಎಂಟು ಕಡುಬನ್ನು ಹಬೆಯಲ್ಲೇ ಬಿಟ್ಟಿದ್ದೆ.

ಮಂಗೇಶ ಹತ್ತೂವರೆಗೇ ಶಿರವಾಡದ ಸ್ಟೇಷನ್ನಿಗೆ ಹೋದ. ರೈಲು ತಡವಾಗಿ ಬಂತು. ನೀವು ಇಳಿಯಲಿಲ್ಲ. ಹಿಂದಿನ ಡಬ್ಬಿಯಲ್ಲಿರಬಹುದು ಎಂದು ಅವನು ಕೊನೆಯವರೆಗೆ ಓಡಿ ನೋಡಿದನಂತೆ. ನಿಮ್ಮ ಫೋನು ಬಂದ್ ಇತ್ತು. ಇನ್ನೊಂದು ರೈಲಿದೆ ಎಂದು ಅಲ್ಲೇ ನಿಂತ. ಅದೂ ಬಂತು, ಹೋಯಿತು. ಎರಡೂವರೆಗೆ ಅವನು ಮನೆಗೆ ಬಂದಾಗ ಒಬ್ಬನೇ ಚಪ್ಪಲಿ ಬಿಡುವ ಶಬ್ದ ಕೇಳಿ ಒಳಗೆ ಎಲ್ಲರಿಗೂ ಗೊತ್ತಾಯಿತು. ಅತ್ತೆ ಮಾತ್ರ, "ಬಸ್ಸಿಗೆ ಬತ್ತಾ ಇರಬಹುದು, ಹಬ್ಬಕ್ಕೆ ರಶ್ಶು" ಎಂದರು.

ಮಾವ ಅಷ್ಟು ಹೊತ್ತೂ ಮೇಜಿನ ಮುಂದೆಯೇ ಕೂತಿದ್ದರು. ಹೊಸ ಪಂಚೆ, ಗಡ್ಡ ಬೋಳಿಸಿದ ಮುಖ. ಮೂರು ಗಂಟೆಗೆ ಅವರೇ, "ಬಡ್ಸಿ. ಮಕ್ಳೆಲ್ಲ ಹಸ್ದಿದ್ದಾವೆ" ಎಂದರು. ಮನೆಯಲ್ಲಿ ಮಕ್ಕಳು ಯಾರೂ ಇರಲಿಲ್ಲ. ಅವರು ನಮ್ಮನ್ನೇ ಹೇಳಿದ್ದು.

ಮರಗಿ ಹೊರಟಿತು. ಮಾವ ಅತ್ತೆಯ ಎಲೆಗೆ ಹಾಕಿದರು. ಅವರು ಯಾವತ್ತೂ ಅತ್ತೆಗೆ ಹಾಕುವುದು ಮೂರು ಬೆರಳಿನಷ್ಟು, ತಪ್ಪುವುದಿಲ್ಲ. ಅತ್ತೆ ಮಂಗೇಶನಿಗೆ, ಮಂಗೇಶ ಹೆಂಡತಿಗೆ, ಅವಳು ಕವಿತಾಳಿಗೆ, ಕವಿತಾ ನನಗೆ. ಮರಗಿ ನನ್ನ ಕೈಗೆ ಬಂತು. ನನ್ನ ಬಲಕ್ಕೆ ಖಾಲಿ ಕುರ್ಚಿ, ಅಗಲವಾದ ಖಾಲಿ ಎಲೆ.

ಆಗ ನಾನು ಎದ್ದು ಒಂದು ಕುರ್ಚಿ ಸರಿದು ಕೂತೆ.

ಕವಿತಾ ಮೊದಲು ನೋಡಿದವಳು. "ಅತ್ಗೇ, ಏಳು" ಎಂದಳು. ಸಣ್ಣ ಧ್ವನಿಯಲ್ಲೇ. ಮಂಗೇಶ ತಲೆಯೆತ್ತಿ, ನನ್ನನ್ನೂ ಮರಗಿಯನ್ನೂ ನೋಡಿ, "ಅತ್ಗೇ, ಡಾಕ್ಟರು ಹೇಳಿದ್ದು ಮರ್ತ್ಯಾ? ಅಪ್ಪಗೆ ಉಪ್ಪು ವಿಷ" ಎಂದ. ನನಗೆ ಎರಡೂ ನೆನಪಿತ್ತು. ಅದು ನಿಮ್ಮ ಜಾಗ ಎಂಬುದೂ, ಉಪ್ಪು ವಿಷ ಎಂಬುದೂ. ನಾನು ಮಾವನ ಮುಖ ನೋಡಲಿಲ್ಲ. ನೋಡಿದರೆ ಕೇಳಿದ ಹಾಗಾಗುತ್ತದೆ, ಅದು ನಿಯಮದಲ್ಲಿಲ್ಲ. ಮರಗಿಗೆ ಬೆರಳು ಹಾಕಿ, ಆರೋಗ್ಯವಂತ ಗಂಡಸಿಗೆ ಎಷ್ಟು ಹಾಕುತ್ತಾರೋ ಅಷ್ಟನ್ನು ಅವರ ಎಲೆಯ ಮೂಲೆಗೆ ಹಾಕಿದೆ.

ಮೇಜಿನ ಸುತ್ತ ಯಾರೂ ಉಣ್ಣಲಿಲ್ಲ. ಮಾವ ಆ ಉಪ್ಪನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅನ್ನ ತೊವ್ವೆ ಕಲಸಿ, ಒಂದು ಹರಳನ್ನು ಬೆರಳಲ್ಲಿ ಒತ್ತಿ ಪುಡಿ ಮಾಡಿ ತುತ್ತಿಗೆ ಸೇರಿಸಿ ಬಾಯಿಗಿಟ್ಟರು.

ಅವರ ಮುಖ ಹಿಂಡಿಕೊಂಡಿತು. ಮಕ್ಕಳಿಗೆ ಅಂಗನವಾಡಿಯಲ್ಲಿ ಜಂತುಹುಳದ ಔಷಧ ಕುಡಿಸಿದಾಗ ಆಗುವ ಹಾಗೆ. ಕಷ್ಟಪಟ್ಟು ನುಂಗಿದರು. "ಉಪ್ಪು ಹೀಂಗಿರ್ತಿತ್ತಾ?" ಎಂದರು. ನಮ್ಮಲ್ಲಿ ಯಾರನ್ನೂ ಕೇಳಿದ್ದಲ್ಲ. ಆಮೇಲೆ ಬೆರಳ ಹಿಂಬದಿಯಿಂದ ಉಳಿದ ಉಪ್ಪನ್ನು ಎಲೆಯ ಅಂಚಿಗೆ, ಇನ್ನೂ ಅಂಚಿಗೆ ದೂಡಿ, ಮೇಜಿಗೆ ಬೀಳದಂತೆ ನಿಲ್ಲಿಸಿದರು. ಉಳಿದ ಊಟವನ್ನು ಎಂದಿನಂತೆ ಸಪ್ಪೆಯಾಗಿ ಉಂಡರು. ಅರ್ಧ ಲೋಟ ನೀರು ಕುಡಿದರು. ಇನ್ನರ್ಧ ರಾತ್ರಿಯ ಗುಳಿಗೆಗೆ ಬೇಕು ಎಂದು ಮುಚ್ಚಿಟ್ಟರು.

ಊಟ ಹೇಗಾಯಿತು ಎಂದು ಕೇಳಿದ್ದಿರಿ. ಹೀಗಾಯಿತು. ಅತ್ತೆ ಕಡುಬು ಮುಟ್ಟಲಿಲ್ಲ. ಮಂಗೇಶ ಅರ್ಧಕ್ಕೆ ಎದ್ದುಹೋದ. ಎಲೆ ತೆಗೆಯುವಾಗ ನೋಡಿದೆ. ಅವರ ಎಲೆಯ ಅಂಚಿನಲ್ಲಿ ಉಪ್ಪು ಒದ್ದೆಯಾಗಿ ಕರಗಿ ತೊಟ್ಟಿಕ್ಕುತ್ತಿತ್ತು. ನಾನು ಹಾಕಿದ್ದರಲ್ಲಿ ಒಂದು ಹರಳು ಬಿಟ್ಟರೆ ಎಲ್ಲ ಇತ್ತು.

ಶುಕ್ರವಾರ ಬೆಳಿಗ್ಗೆ ಬೀರಾ ಬಂದು ಹಾರ್ನ್ ಹೊಡೆದ. ಮಾವ ಏಳಲಿಲ್ಲ. ಅತ್ತೆ ಕಾಲು ಹಿಡಿದರು, ಎಂಬತ್ತರ ಹತ್ತಿರ ಬಂದ ಹೆಂಗಸು. ಬೀರಾ ಒಳಗೆ ಬಂದು, "ನಾಗಣ್ಣಾ, ಇವತ್ತು ಬಾಡ್ಗಿ ಬೇಡ, ಬಾ ಮಾರಾಯಾ" ಎಂದ. ಮಂಗೇಶ, ಹೊತ್ತುಕೊಂಡಾದರೂ ಹೋಗುತ್ತೇನೆ ಎಂದು ಎರಡೂ ಕೈ ಒಡ್ಡಿದ. ಮಾವ ಅವನ ಕೈಯನ್ನು ಹಿಡಿದು ಕೆಳಗಿಟ್ಟರು. "ಹೊತ್ಕೊಂಡು ಹೋಗೂ ದಿನ ಬತ್ತದೆ. ಇವತ್ತಲ್ಲ" ಎಂದರು. ಮಂಗೇಶ ಹೊರಗೆ ಹೋಗಿ ಬಲೆಯ ರಾಶಿಯ ಮೇಲೆ ಕೂತು ಅತ್ತ. ಅವನು ಅಳುವುದನ್ನು ನಾನು ಮೊದಲ ಸಲ ನೋಡಿದ್ದು.

ಐದನೆ ದಿನ ಗಣಪತಿಯನ್ನು ಕಳಿಸಿದೆವು. ಮಾವ ದಂಡೆಯವರೆಗೆ ಬರಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ತಿರುಗಿ ಬಂದವರ ಕಾಲಿನ ಮರಳು ನೋಡಿದರು. ಈಗ ಮಲಗಿದರೆ ಉಸಿರು ಕಟ್ಟುತ್ತದೆಂದು ಎರಡು ದಿಂಬು ಒರಗಿಸಿ ಕೂರಿಸಿದ್ದೇವೆ. ಕಾಲು ಬಿಗಿದುಕೊಂಡಿದೆ. ಹೆಚ್ಚು ಹೊತ್ತು ನಿದ್ದೆ. ನಡುವೆ ಎಚ್ಚರಾದಾಗ ಮಾತು ಸ್ಪಷ್ಟವಾಗಿಯೇ ಇದೆ. ಗಾಳಿ ಯಾವ ಕಡೆಯದು, ಮಂಗೇಶ ಎಷ್ಟು ಹೊತ್ತಿಗೆ ಹೋದ ಎಂದು ಕೇಳುತ್ತಾರೆ. ನಿಮ್ಮನ್ನು ಕೇಳಿಲ್ಲ. ಡಾಕ್ಟರು ಬಂದು ನೋಡಿ, ಹೇಳಬೇಕಾದ್ದನ್ನು ಹೇಳಿ ಹೋಗಿದ್ದಾರೆ.

ಅತ್ತಿಗೆ ಉಪ್ಪು ಹಾಕಿ ಅಪ್ಪನನ್ನು ಕೊಂದಳು ಎಂದು ಕವಿತಾ ಕೇರಿಯಲ್ಲಿ ಹೇಳಿದ್ದಾಳೆ. ಒಂದು ಹರಳಿನಿಂದ ಯಾರೂ ಸಾಯುವುದಿಲ್ಲ ಎಂದು ಅವಳಿಗೂ ಗೊತ್ತು. ಅವಳು ಹೇಳುವುದು ಉಪ್ಪಿನ ಮಾತಲ್ಲ. ಅಪ್ಪ ಸಾಯಂಕಾಲದವರೆಗೆ ಕಾಯುತ್ತಿದ್ದರೇನೋ, ಆ ಕುರ್ಚಿ ಖಾಲಿ ಇದ್ದಿದ್ದರೆ ಮುಂದಿನ ಚೌತಿಯವರೆಗೂ ಮಶೀನಿಗೆ ಕೈ ಕೊಡುತ್ತಿದ್ದರೇನೋ, ನಾನು ಹೋಗಿ ಕೂತು ಅದನ್ನು ಮುಗಿಸಿದೆ ಎಂದು ಅವಳ ಲೆಕ್ಕ. ಅವಳು ಹೇಳುವುದು ತಪ್ಪೆಂದು ನನಗೆ ಖಾತ್ರಿಯಿಲ್ಲ.

ಯಾಕೆ ಕೂತೆ ಎಂದು ಈ ಎಂಟು ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ಮಾವನ ಮೇಲಿನ ಕರುಣೆ ಎಂದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಕರುಣೆಯಲ್ಲ. ಜೂನಿನಲ್ಲಿ ಮಂಗೇಶ ನಿಮ್ಮನ್ನು ನೋಡಲು ರತ್ನಾಗಿರಿಗೆ ಬಂದಿದ್ದನಲ್ಲ. ನಿಮ್ಮ ಬಾಗಿಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳ ವಿಷಯ, ಹೊಸ್ತಿಲ ಬದಿಯಲ್ಲಿದ್ದ ಸಣ್ಣ ಚಪ್ಪಲಿಗಳ ವಿಷಯ ಅವನು ನನಗೆ ಹೇಳಲಿಲ್ಲ. ಕವಿತಾ ಹೇಳಿದಳು. ನಮಗೆ ಮಕ್ಕಳಿಲ್ಲದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು ಎಂದೂ ಹೇಳಿದಳು. ಆಮೇಲೂ ನಾನು ಚೌತಿಗೆ ಅಗಲವಾದ ಎಲೆ ಆರಿಸಿದೆ, ಕಡುಬು ಬಿಸಿಯಿಟ್ಟೆ. ಮರಗಿ ನನ್ನ ಕೈಗೆ ಬಂದಾಗ, ಅದು ಇನ್ನೊಮ್ಮೆ ನನ್ನ ಹತ್ತಿರವೇ ನಿಲ್ಲುವುದನ್ನು ಸಹಿಸಲು ನನ್ನಿಂದ ಆಗಲಿಲ್ಲ. ಅಷ್ಟೇ. ಮಾವ ಆ ಉಪ್ಪನ್ನು ಉಂಡಿದ್ದರೆ ನಾನು ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಳ್ಳಲು ದಾರಿಯಿತ್ತು. ಅವರು ಅದನ್ನೂ ಕೊಡಲಿಲ್ಲ.

ಯಾಕೆ ಬರಲಿಲ್ಲ ಎಂದು ನಾನು ಕೇಳುವುದಿಲ್ಲ. ನೀವು ಹೇಳಿದರೆ ನಂಬಬೇಕಾಗುತ್ತದೆ, ಇಲ್ಲವೇ ನಂಬಬಾರದಾಗುತ್ತದೆ. ಎರಡಕ್ಕೂ ನನ್ನಲ್ಲಿ ಜಾಗ ಉಳಿದಿಲ್ಲ. ಅತ್ತೆಯನ್ನು ನಾನು ನೋಡಿಕೊಳ್ಳುತ್ತೇನೆ. ಈ ಮನೆಯಿಂದ ನನ್ನನ್ನು ಹೋಗು ಎಂದು ಮಂಗೇಶ ಅನ್ನುವುದಿಲ್ಲ, ಇರು ಎಂದೂ ಅನ್ನಲಿಕ್ಕಿಲ್ಲ. ಅಂಗನವಾಡಿ ಬೆಳಿಗ್ಗೆ ಒಂಬತ್ತೂವರೆಗೆ ಇದ್ದೇ ಇದೆ.

ಉತ್ತರ ಬರೆಯುವ ತೊಂದರೆ ಬೇಡ.

ಲತಾ

ತಾ. ಕ.: ಲಕೋಟೆ ಅಂಟಿಸುವ ಮೊದಲು ಒಂದೆರಡು ಸಂಗತಿ ಸರಿಪಡಿಸಬೇಕು. ಮಾವ ನಿಮ್ಮನ್ನು ಕೇಳಿಲ್ಲ ಎಂದು ಬರೆದಿದ್ದೇನೆ. ಕೇಳಿದ್ದಾರೆ. ಸೋಮವಾರ ಒಮ್ಮೆ, ಇಂದು ಬೆಳಿಗ್ಗೆ ಒಮ್ಮೆ. "ಕಿಶನಗೆ ತಿಳ್ಸಿದ್ಯಾ?" ಎಂದರು. ತಿಳಿಸಿದ್ದೇನೆ ಎಂದೆ. ಮಂಗೇಶನಿಗೂ ಕವಿತಾಳಿಗೂ, ನೀವು ಯಾರೂ ಫೋನು ಮಾಡಬೇಡಿ, ನಾನೇ ತಿಳಿಸುತ್ತೇನೆ ಎಂದಿದ್ದೆ. ತಿಳಿಸಿದ್ದು ಈ ಕಾಗದವೇ. ಹೆಚ್ಚೆಂದರೆ ಮೂರು ದಿನ ಎಂದು ಡಾಕ್ಟರು ಹೇಳಿದ್ದು ನಿನ್ನೆ. ಇಲ್ಲಿಂದ ಹಾಕಿದ ಕಾಗದ ರತ್ನಾಗಿರಿ ಮುಟ್ಟಲು ಐದು ದಿನ ಬೇಕೆಂದು ಪೋಸ್ಟಿನಲ್ಲಿ ಕೇಳಿಕೊಂಡು ಬಂದ ಮೇಲೆಯೇ ನಾನು ಬರೆಯಲು ಕೂತದ್ದು.